ಹೊಟ್ಟೆ ಬಿಟ್ಟ ಮುಂಗೋಡೆ: ಲಂಡನ್ನಿನ ಜಾರ್ಜಿಯನ್ ಇಟ್ಟಿಗೆ ಮನೆಯಲ್ಲಿ ದೋಷ ಹುಡುಕುವ ಬಗೆ

ದೂರು ಬಂದದ್ದು ಕಿಟಕಿಯ ಬಗ್ಗೆ. ಲಂಡನ್ನಿನ ಇಸ್ಲಿಂಗ್ಟನ್ ಭಾಗದಲ್ಲಿ 1780ರ ದಶಕದ ಒಂದು ಸಾಲುಮನೆ; ಕೊಂಡವರು ಧಾರವಾಡದ ಕಡೆಯ ದಂಪತಿ. ಎರಡನೆಯ ಮಹಡಿಯ ಮಲಗುವ ಕೋಣೆಯ ಕಿಟಕಿ ಮೇಲಕ್ಕೆ ಜಾರುತ್ತಿರಲಿಲ್ಲ. “ಬಡಗಿ ಎರಡು ಸಲ ಬಂದು ಹೆರೆದು ಹೋದರು ಸರ್, ಮೂರು ತಿಂಗಳಿಗೆ ಮತ್ತೆ ಬಿಗಿಯಾಗುತ್ತದೆ” ಎಂದರು ಮನೆಯಾಕೆ. ನಾನು ಕಿಟಕಿಯನ್ನು ಮುಟ್ಟುವ ಮೊದಲು ನೆಲ ನೋಡಿದೆ. ಮುಂಗೋಡೆಯ ಬುಡದಲ್ಲಿ, ನೆಲಹಲಗೆಯ ಅಂಚಿಗೂ ಗೋಡೆಗೂ ನಡುವೆ, ನನ್ನ ಕಿರುಬೆರಳು ಇಳಿಯುವಷ್ಟು ಸಂದು ಬಿಟ್ಟಿತ್ತು. ಸಂದಿನೊಳಗೆ ಕಪ್ಪಾದ ಹಳೆಯ ಧೂಳು. ಅದರ ಮೇಲೆ ಈಚೆಗೆ ಉದುರಿದ ಗಾರೆಪುಡಿ, ಗೋಧಿಹಿಟ್ಟಿನ ಬಣ್ಣದ್ದು. ಪಾಪ, ಬಡಗಿ ಹೆರೆದದ್ದು ತಪ್ಪಿಲ್ಲದ ಕಿಟಕಿಯನ್ನು. ಜಾಗ ಬಿಟ್ಟು ಬೀದಿಯ ಕಡೆಗೆ ಹೊರಟಿದ್ದದ್ದು ಗೋಡೆ.

1714ರಿಂದ 1830ರವರೆಗೆ ಬ್ರಿಟನ್ನಿನಲ್ಲಿ ಒಬ್ಬರ ನಂತರ ಒಬ್ಬರಂತೆ ನಾಲ್ವರು ಜಾರ್ಜ್ ರಾಜರು ಆಳಿದರು. ಆ ಕಾಲದ ಮನೆಗಳಿಗೆ ಜಾರ್ಜಿಯನ್ ಎಂಬ ಹೆಸರು ಬಂದದ್ದು ಹಾಗೆ. ಈ ಬರಹ ಆ ಕಾಲದ ಇಟ್ಟಿಗೆಯ ಸಾಲುಮನೆಗಳಲ್ಲಿ ಕಾಣುವ ಒಂದೇ ಒಂದು ದೋಷದ ಬಗ್ಗೆ: ಮುಂಗೋಡೆ ಹೊಟ್ಟೆ ಬಿಡುವುದು, ಅಂದರೆ ನಡುವೆ ಉಬ್ಬಿ ಬೀದಿಗೆ ಬಾಗುವುದು. ಉದಾಹರಣೆಗಳೆಲ್ಲ ಲಂಡನ್ನಿನವು. ಡಬ್ಲಿನ್ನಿನ ಇಟ್ಟಿಗೆ ಮನೆಗಳಿಗೂ ಬಹುಪಾಲು ಹೊಂದುತ್ತವೆ. ಬಾತ್ ನಗರದ ಕಲ್ಲಿನ ಮನೆಗಳ ಸಂಗತಿ ಬೇರೆ.

ಕಾಣುವ ಗೋಡೆ, ಕಾಣದ ಗೋಡೆ

ಬೀದಿಯಲ್ಲಿ ನಿಂತು ನೋಡಿದರೆ ಈ ಮನೆಗಳಷ್ಟು ಶಿಸ್ತಿನ ಕಟ್ಟಡಗಳು ಅಪರೂಪ. ನೆಲಮಾಳಿಗೆ, ನೆಲ ಅಂತಸ್ತು, ಎತ್ತರದ ಕಿಟಕಿಗಳ ಮೊದಲ ಮಹಡಿ, ಅದಕ್ಕಿಂತ ಗಿಡ್ಡ ಕಿಟಕಿಗಳ ಎರಡನೆಯ ಮಹಡಿ, ತುದಿಯಲ್ಲಿ ಅಟ್ಟ. ಇಟ್ಟಿಗೆಯೂ ಲೆಕ್ಕ ಹಾಕಿದಂತೆ ಕೂತಿರುತ್ತದೆ: ಒಂದು ಇಟ್ಟಿಗೆ ತನ್ನ ಉದ್ದ ಮೈ ತೋರಿಸುತ್ತದೆ, ಪಕ್ಕದ್ದು ತಲೆ ತೋರಿಸುತ್ತದೆ, ಮತ್ತೆ ಉದ್ದ, ಮತ್ತೆ ತಲೆ. ಇದನ್ನು ಫ್ಲೆಮಿಷ್ ಬಾಂಡ್ ಎನ್ನುತ್ತಾರೆ. ತಲೆ ತೋರುವ ಪ್ರತಿಯೊಂದು ಇಟ್ಟಿಗೆಯೂ ಗೋಡೆಯ ಒಳಕ್ಕೆ ಹೊಕ್ಕು ಹಿಂದಿನ ಇಟ್ಟಿಗೆಗಳನ್ನು ಹಿಡಿದಿದೆ ಎಂದು ನೋಡಿದವರು ನಂಬುತ್ತಾರೆ. ಕಟ್ಟಿದವರೂ ಹಾಗೆ ನಂಬಲಿ ಎಂದೇ ಕಟ್ಟಿದ್ದು.

ನಿಜಸ್ಥಿತಿ ಬೇರೆ. ಜಮೀನುದಾರರು ನಿವೇಶನವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ 99 ವರ್ಷದ ಗುತ್ತಿಗೆ ಸಾಮಾನ್ಯವಾಗಿತ್ತು. ಕಟ್ಟುವವನು ಸಾಲ ಮಾಡಿ ಬೇಗ ಗೋಡೆ ಎಬ್ಬಿಸಿ, ಬೇಗ ಮಾರಬೇಕು. ಹೀಗಾಗಿ ಒಳ್ಳೆಯ ಇಟ್ಟಿಗೆ ಬೀದಿಯ ಮುಖಕ್ಕೆ ಮಾತ್ರ ಹೋಯಿತು. ಲಂಡನ್ ಸ್ಟಾಕ್ ಎಂಬ ಆ ಹಳದಿ ಇಟ್ಟಿಗೆಗೆ ಮಣ್ಣಿನ ಜೊತೆ ಸೀಮೆಸುಣ್ಣ ಮತ್ತು ಜರಡಿ ಹಿಡಿದ ಒಲೆಬೂದಿ ಕಲಸುತ್ತಿದ್ದರು. ಹಿಂಬದಿಗೆ ಬಳಸಿದ್ದು ಪ್ಲೇಸ್ ಬ್ರಿಕ್ ಎಂಬ ಅರೆಬೆಂದ ಇಟ್ಟಿಗೆ. ನಮ್ಮ ಇಟ್ಟಿಗೆ ಗೂಡುಗಳಲ್ಲಿ ಅಂಚಿನ ಇಟ್ಟಿಗೆಗಳು ಸರಿಯಾಗಿ ಬೇಯದೆ ಮೆತ್ತಗೆ ಉಳಿಯುತ್ತವಲ್ಲ, ಅಂಥವೇ. ಉಗುರಿನಿಂದ ಕೆರೆದರೆ ಪುಡಿಯಾಗುತ್ತವೆ.

ಎರಡು ಬಗೆಯ ಇಟ್ಟಿಗೆ ಅಂದ ಮೇಲೆ ಎರಡು ಬಗೆಯ ಸಂದು. ಮುಖದ ಇಟ್ಟಿಗೆಗಳ ನಡುವೆ ತೆಳ್ಳಗೆ ಗಾರೆ, ಹಿಂಬದಿಯಲ್ಲಿ ದಪ್ಪಗೆ. ಹೀಗೆ ಕಟ್ಟಿದಾಗ ಮುಂದಿನ ವರಸೆಯೂ (ಇಟ್ಟಿಗೆಯ ಅಡ್ಡಸಾಲು) ಹಿಂದಿನ ವರಸೆಯೂ ಒಂದೇ ಮಟ್ಟಕ್ಕೆ ಬರುವುದಿಲ್ಲ. ಮಟ್ಟ ಕೂಡದಿದ್ದಲ್ಲಿ ತಲೆ ಇಟ್ಟಿಗೆಯನ್ನು ಒಳಕ್ಕೆ ಹಾಯಿಸುವುದು ಹೇಗೆ? ಅರ್ಧಕ್ಕೆ ಮುರಿದು, ಮುಂದಿನ ತುಂಡನ್ನು ಮಾತ್ರ ಇಟ್ಟುಬಿಡುತ್ತಿದ್ದರು. ಕೆಲವು ವರಸೆಗಳಿಗೊಮ್ಮೆ ಮಟ್ಟ ತಾನಾಗಿ ಕೂಡಿದಾಗ ಮಾತ್ರ ಒಂದಷ್ಟು ಇಡೀ ಇಟ್ಟಿಗೆಗಳು ಒಳಹೊಕ್ಕವು. ಹೀಗಾಗಿ ಒಂದೂವರೆ ಇಟ್ಟಿಗೆಯ, ಸುಮಾರು 340 ಮಿ.ಮೀ. ದಪ್ಪದ ಗೋಡೆ ಎಂದು ನಾವು ಎಣಿಸುವುದು ಎಷ್ಟೋ ಕಡೆ 100 ಮಿ.ಮೀ. ಚಿಲ್ಲರೆಯ ಒಂದು ಸಿಪ್ಪೆ ಮತ್ತು ಅದರ ಹಿಂದಿನ ಒರಟು ಗೋಡೆ.

ಇನ್ನೂ ಒಂದು ವಸ್ತು ಒಳಗಿದೆ, ನನ್ನ ಅನುಭವದಲ್ಲಿ ಅತಿ ಹೆಚ್ಚು ಕೇಡು ಮಾಡುವುದು ಅದೇ: ಮರ. ಸುಣ್ಣದ ಗಾರೆ ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಅಷ್ಟರವರೆಗೆ ಹಸಿ ಗೋಡೆ ಅಲುಗಾಡದಿರಲಿ, ಮುಂದೆ ಒಳಗೆ ಮರದ ಹೊದಿಕೆ ಹೊಡೆಯಲು ಮೊಳೆಗೆ ಹಿಡಿತ ಸಿಗಲಿ ಎಂದು ಗೋಡೆಯ ಒಳಮುಖದಲ್ಲಿ ಉದ್ದಕ್ಕೂ ಮೆದುಮರದ ಪಟ್ಟಿಗಳನ್ನು ವರಸೆಯ ನಡುವೆಯೇ ಹಾಸಿ ಕಟ್ಟುತ್ತಿದ್ದರು. ಒಣಗಿರುವಷ್ಟು ದಿನ ಅವು ಇನ್ನೂರು ವರ್ಷವಾದರೂ ಬಾಳುತ್ತವೆ. ನೀರು ಕುಡಿದರೆ ಕುಂಬಾಗಿ ಕುಗ್ಗುತ್ತವೆ. ಆಗ ಗೋಡೆಯ ಒಳಮುಖ ಗಿಡ್ಡವಾಗುತ್ತದೆ, ಹೊರಮುಖ ಮೊದಲಿನಷ್ಟೇ ಎತ್ತರ ಉಳಿಯುತ್ತದೆ. ಒಂದು ಮೈ ಮಾತ್ರ ಒಣಗಿದ ಹಸಿ ಹಲಗೆ ಡೊಂಕಾಗುವಂತೆ ಇಡೀ ಗೋಡೆ ಬೀದಿಯತ್ತ ಬಾಗುತ್ತದೆ. ಹಿಂಬದಿಯ ದಪ್ಪ ಸಂದುಗಳಲ್ಲಿನ ಗಾರೆ ಹೆಚ್ಚು ಕುಗ್ಗುವುದರಿಂದಲೂ ಇದೇ ಡೊಂಕು ಸ್ವಲ್ಪ ಸ್ವಲ್ಪವಾಗಿ ಬರುತ್ತದೆ. ಎರಡೂ ಕೂಡಿದರೆ ಹೊರಗಿನ ಸಿಪ್ಪೆ ಹಿಂದಿನ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ.

ಆದ್ದರಿಂದ ಉಬ್ಬಿದ ಮುಂಗೋಡೆ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಸಿಪ್ಪೆ ಮಾತ್ರ ಬಿಟ್ಟಿದೆಯೋ, ಇಡೀ ಗೋಡೆಯೇ ಹೊರಟಿದೆಯೋ? ಎರಡಕ್ಕೂ ಮದ್ದು ಬೇರೆ ಬೇರೆ. ಇದನ್ನು ತಿಳಿಯದೆ ಮಾಡಿದ ದುಬಾರಿ ರಿಪೇರಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಅಳೆಯುವ ಮೊದಲು ಒಂದು ಮಾತು

ಕಿಟಕಿಯ ಮೇಲಿನ ಕಮಾನಿನ ಇಟ್ಟಿಗೆ ದಿನದಿಂದ ದಿನಕ್ಕೆ ಜಾರುತ್ತಿದ್ದರೆ, ನಿನ್ನೆ ಇಲ್ಲದ ಬಿರುಕು ಇಂದು ಕಂಡರೆ, ಒಳಗೆ ಗಾರೆಪುಡಿ ಉದುರುತ್ತಲೇ ಇದ್ದರೆ, ಈ ಬರಹವನ್ನು ಬದಿಗಿಟ್ಟು ಮುಂದಿನ ಕೋಣೆಗಳನ್ನು ಖಾಲಿ ಮಾಡಿ. ಕಾಲುದಾರಿಯಲ್ಲಿ ಜನ ಓಡಾಡದಂತೆ ತಡೆಯಬೇಕು; ಸ್ಥಳೀಯ ಕೌನ್ಸಿಲ್ಲಿನಲ್ಲಿ ಅಪಾಯಕಾರಿ ಕಟ್ಟಡಗಳನ್ನು ನೋಡಿಕೊಳ್ಳುವವರಿಗೂ ಹಳೆಯ ಕಟ್ಟಡ ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೂ ಅಂದೇ ತಿಳಿಸಬೇಕು. 1913ರ ಸೆಪ್ಟೆಂಬರ್ 2ರಂದು ಡಬ್ಲಿನ್ನಿನ ಚರ್ಚ್ ಸ್ಟ್ರೀಟಿನಲ್ಲಿ ಬಡ ಬಾಡಿಗೆದಾರರು ಕಿಕ್ಕಿರಿದಿದ್ದ ಎರಡು ಹಳೆಯ ಮನೆಗಳು ಕುಸಿದು ಏಳು ಜನ ಸತ್ತರು. ಹಳೆಯ ಇಟ್ಟಿಗೆ ಗೋಡೆ ಬಹಳ ಕಾಲ ತಾಳುತ್ತದೆ, ತಾಳಿಕೆ ಮುಗಿದ ಮೇಲೆ ಸಮಯ ಕೊಡುವುದಿಲ್ಲ.

ಉಬ್ಬನ್ನು ಅಳೆಯುವುದು

ಸಂಜೆಯೋ ಬೆಳಗ್ಗೆಯೋ ಬಿಸಿಲು ಗೋಡೆಯ ಮೇಲೆ ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ. ಪಕ್ಕದ ಮನೆಯ ಗೋಡೆಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತು, ಒಂದು ಕಣ್ಣು ಮುಚ್ಚಿ, ಸಾಲಿನ ಗುಂಟ ದಿಟ್ಟಿಸಿ. ಉಬ್ಬಿದ್ದರೆ ನೆರಳು ಹೇಳುತ್ತದೆ. ಇಸ್ಲಿಂಗ್ಟನ್ನಿನ ಆ ಮನೆಯಲ್ಲಿ ಸಂಜೆ ಆರರ ಬಿಸಿಲಿನಲ್ಲಿ ಮೊದಲ ಮಹಡಿಯ ಕಿಟಕಿಗಳ ತಲೆಯ ಮೇಲೆ, ಹೊದಿಕೆಯೊಳಗೆ ಯಾರೋ ಮಂಡಿ ಮಡಚಿಕೊಂಡು ಮಲಗಿದಂತೆ, ಒಂದು ದಿಣ್ಣೆ ಸ್ಪಷ್ಟವಾಗಿ ಎದ್ದಿತ್ತು.

ಅಂದಾಜು ಸಾಲದು, ಅಳತೆ ಬೇಕು. ಈಗ ಲೇಸರ್ ಯಂತ್ರಗಳಿವೆ, ಬಳಸಿ. ಆದರೆ ಗಾರೆಯವರ ತೂಗುಗುಂಡು ಇಂದಿಗೂ ಸುಳ್ಳು ಹೇಳಿಲ್ಲ. ಚಾವಣಿಯ ಅಂಚಿನ ಗಿಡ್ಡಗೋಡೆಯಾದ ಪ್ಯಾರಪೆಟ್ಟಿನಿಂದ ಒಂದು ಕೋಲು ಹೊರಚಾಚಿ, ಗೋಡೆಯಿಂದ 150 ಮಿ.ಮೀ. ದೂರದಲ್ಲಿ ದಾರ ಇಳಿಬಿಟ್ಟು, ಗುಂಡನ್ನು ಕೆಳಗೆ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿ. ನೀರಿನಲ್ಲಿದ್ದರೆ ಗಾಳಿಗೆ ಓಲಾಡುವುದಿಲ್ಲ. ಪ್ರತಿ ಕಿಟಕಿಯಿಂದ ಕೈಚಾಚಿ ದಾರಕ್ಕೂ ಗೋಡೆಗೂ ಇರುವ ದೂರ ಬರೆದುಕೊಳ್ಳಿ. ನನ್ನ ಟಿಪ್ಪಣಿಯಲ್ಲಿ ಮೇಲಿನಿಂದ ಕೆಳಕ್ಕೆ ಹೀಗಿತ್ತು: 150, 128, 108, 121, 146. ಅಂದರೆ ಎರಡನೆಯ ಮಹಡಿಯ ನೆಲದ ಮಟ್ಟಕ್ಕೆ ತುಸು ಕೆಳಗೆ ಗೋಡೆ 42 ಮಿ.ಮೀ. ಹೊರಬಂದಿದೆ, ಬುಡ ಹೆಚ್ಚುಕಡಿಮೆ ನೆಟ್ಟಗಿದೆ. ಬುಡವೇ ವಾಲಿದ್ದರೆ ಅಡಿಪಾಯವನ್ನು ಅನುಮಾನಿಸುತ್ತಿದ್ದೆ. ಇಲ್ಲಿ ಅದಕ್ಕೆ ಕಾರಣ ಕಾಣಲಿಲ್ಲ.

ಹೆಚ್ಚಿನವರು ಇಲ್ಲಿಗೆ ನಿಲ್ಲುತ್ತಾರೆ. ನಿಲ್ಲಬಾರದು. ಅದೇ ಮಟ್ಟದಲ್ಲಿ ಒಳಗೂ ತೂಗುಗುಂಡು ಹಿಡಿಯಿರಿ. ಒಳಮುಖ ನೆಟ್ಟಗಿದ್ದು ಹೊರಮುಖ ಮಾತ್ರ ಉಬ್ಬಿದ್ದರೆ ಸಿಪ್ಪೆ ಬಿಟ್ಟಿದೆ. ಎರಡೂ ಸಮನಾಗಿ ಹೊರಗೆ ಹೋಗಿದ್ದರೆ ಗೋಡೆ ಇಡಿಯಾಗಿ ಹೊರಟಿದೆ. ಆ ಮನೆಯಲ್ಲಿ ಒಳಮುಖ 15 ಮಿ.ಮೀ. ಹೊರಗೆ ಸರಿದಿತ್ತು, ನೆಲಹಲಗೆಯ ಬಳಿ ನನ್ನ ಕಿರುಬೆರಳು ಇಳಿದ ಸಂದು ಅದೇ. ಉಳಿದ 27 ಮಿ.ಮೀ. ಎಲ್ಲಿ ಹೋಯಿತು? ಗೋಡೆಯ ಹೊಟ್ಟೆಯೊಳಗೆ, ಸಿಪ್ಪೆಗೂ ಹಿಂಬದಿಗೂ ನಡುವೆ, ಟೊಳ್ಳಾಗಿ. ಎರಡು ದೋಷಗಳೂ ಕೂಡಿಯೇ ಇದ್ದವು.

ಟೊಳ್ಳನ್ನು ಕಿವಿಯಿಂದಲೂ ಖಚಿತ ಮಾಡಿಕೊಳ್ಳಬಹುದು. ಹಲಸಿನಹಣ್ಣನ್ನು ಬಡಿದು ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮರದ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋಗಿ, ಗಟ್ಟಿಯಾದಲ್ಲಿ ಬಿಗಿ ಸದ್ದು, ಬಿಟ್ಟಲ್ಲಿ ಡಬ್ಬದ ಸದ್ದು. ಸೀಮೆಸುಣ್ಣದಲ್ಲಿ ಟೊಳ್ಳಿನ ಗಡಿ ಗುರುತಿಸಿ ಚಿತ್ರ ತೆಗೆದಿಡಿ.

ಕಿಟಕಿಯ ಪಕ್ಕೆ ಇನ್ನೊಂದು ಸಾಕ್ಷಿ. ಇದಕ್ಕೆ ಸ್ವಲ್ಪ ಇತಿಹಾಸ ಬೇಕು. 1666ರ ಮಹಾ ಅಗ್ನಿದುರಂತದ ನಂತರ ಲಂಡನ್ನಿನಲ್ಲಿ ಬೆಂಕಿಯ ಭಯದಿಂದ ಒಂದರ ಮೇಲೊಂದು ಕಟ್ಟಡ ಕಾಯಿದೆಗಳು ಬಂದವು. 1709ರ ಕಾಯಿದೆ ಕಿಟಕಿಯ ಚೌಕಟ್ಟನ್ನು ಗೋಡೆಯ ಮುಖದಿಂದ ನಾಲ್ಕು ಅಂಗುಲ ಒಳಕ್ಕೆ ಸರಿಸಲು ಹೇಳಿತು. 1774ರ ಕಾಯಿದೆ ಚೌಕಟ್ಟಿನ ಪೆಟ್ಟಿಗೆಯನ್ನು ಇಟ್ಟಿಗೆಯ ಹಿಂದೆ ಮರೆಮಾಡಿಸಿತು. ಜಾರುವ ಕಿಟಕಿಯ ತೂಕದ ಗುಂಡುಗಳು ಏರಿಳಿಯುವುದು ಈ ಪೆಟ್ಟಿಗೆಯೊಳಗೆ. ಬೆಂಕಿಯ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಆದರೆ ಕಿಟಕಿಯ ಎರಡೂ ಬದಿಗೆ ಗೋಡೆಯ ದಪ್ಪವನ್ನು ಪೆಟ್ಟಿಗೆ ತಿಂದು, ಮುಂದೆ ಉಳಿದದ್ದು ಅರ್ಧ ಇಟ್ಟಿಗೆಯ ಸಿಪ್ಪೆ ಮಾತ್ರ. ಸಿಪ್ಪೆ ಬಿಡತೊಡಗಿದರೆ ಮೊದಲು ತೋರುವುದು ಅಲ್ಲೇ: ಗೋಡೆಯ ಮುಖಕ್ಕೆ ಸಮಾನಾಂತರವಾಗಿ, ಅಂಚಿನಿಂದ ಸುಮಾರು 100 ಮಿ.ಮೀ. ಒಳಗೆ, ನೆಟ್ಟಗೆ ಇಳಿಯುವ ಬಿರುಕು. ಬಣ್ಣ ಬಳಿಯುವವರು ಪುಟ್ಟಿ ತುಂಬಿ ಅದನ್ನು ಮುಚ್ಚಿರುತ್ತಾರೆ. ಪುಟ್ಟಿಯ ಗೆರೆ ಅಲ್ಲಿ ಅಸಹಜವಾಗಿ ದಪ್ಪಗಿದ್ದರೆ ಕೆರೆದು ನೋಡಿ.

ಕೊನೆಯ ಪರೀಕ್ಷೆ ಕ್ಯಾಮೆರಾದ್ದು. ಗಾರೆಯ ಸಂದಿನಲ್ಲಿ ಸಣ್ಣ ತೂತು ಕೊರೆದು ಕೊಳವೆ ಕ್ಯಾಮೆರಾ ಇಳಿಸಿದರೆ ಟೊಳ್ಳು, ಮುರಿದ ತಲೆ ಇಟ್ಟಿಗೆ, ಕುಂಬಾದ ಮರ ಎಲ್ಲ ಕಾಣುತ್ತವೆ. ಇಟ್ಟಿಗೆಯನ್ನು ಎಂದೂ ಕೊರೆಯಬೇಡಿ. ಸಂದನ್ನು ಮತ್ತೆ ತುಂಬಬಹುದು, ಇನ್ನೂರೈವತ್ತು ವರ್ಷದ ಇಟ್ಟಿಗೆಯನ್ನು ಮತ್ತೆ ತರಲಾಗದು. ಅಷ್ಟಕ್ಕೂ ಕೌನ್ಸಿಲ್ಲಿನ ಸಂರಕ್ಷಣಾ ಅಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ.

ದಾರಿ ತಪ್ಪಿಸುವ ಬಿರುಕುಗಳು

ಎಲ್ಲ ಬಿರುಕಿಗೂ ಉಬ್ಬೇ ಕಾರಣವಲ್ಲ. ಬ್ರಿಟನ್ನಿನಲ್ಲಿ 1696ರಿಂದ 1851ರವರೆಗೆ ಕಿಟಕಿ ತೆರಿಗೆ ಇತ್ತು. ತೆರಿಗೆ ತಪ್ಪಿಸಲು ಮುಚ್ಚಿದ ಕಿಟಕಿಗಳು ಒಂದಷ್ಟು. ಒಳಗೆ ಗೋಡೆಯೋ ಹೊಗೆಕೊಳವೆಯೋ ಇದ್ದರೂ ಹೊರಗಿನ ಸಾಲು ಸಮವಾಗಿ ಕಾಣಲೆಂದು ಆರಂಭದಲ್ಲೇ ಕುರುಡಾಗಿ ಕಟ್ಟಿದವು ಇನ್ನೊಂದಷ್ಟು. ಆಮೇಲೆ ಮುಚ್ಚಿದಲ್ಲಿ ಹೊಸ ಇಟ್ಟಿಗೆಗೂ ಹಳೆಯದಕ್ಕೂ ಹೆಣಿಗೆ ಇರುವುದಿಲ್ಲ. ಅದರ ಸುತ್ತ ಚೌಕಾಕಾರದ ಕೂದಲೆಳೆ ಬಿರುಕು ಕಂಡರೆ ಗಾಬರಿಯಾಗಬೇಕಾಗಿಲ್ಲ.

ಕಿಟಕಿಯ ಮೇಲಿನ ಚಪ್ಪಟೆ ಕಮಾನು ಬೇರೆ ಕಥೆ. ಮೆತ್ತನೆಯ ಇಟ್ಟಿಗೆಯನ್ನು ಉಜ್ಜಿ ಬೆಣೆಯ ಆಕಾರಕ್ಕೆ ತಂದು, ಕಾಗದದಷ್ಟು ತೆಳ್ಳನೆಯ ಸುಣ್ಣದ ಸಂದಿನಲ್ಲಿ ಕೂರಿಸಿದ ಆ ಕೆಲಸವನ್ನು ಹತ್ತಿರದಿಂದ ನೋಡಿದಾಗಲೆಲ್ಲ ಕೈ ಮುಗಿಯಬೇಕೆನಿಸುತ್ತದೆ. ಆದರೆ ಅದು ಹೊರುವುದು ಮುಂದಿನ ಸಿಪ್ಪೆಯನ್ನು ಮಾತ್ರ. ಹಿಂಬದಿಯ ಭಾರ ಹೊರಲು ಅದರ ಹಿಂದೆ ಮರದ ತೊಲೆ ಇದೆ. ಕಮಾನಿನ ನಡುವಿನ ಇಟ್ಟಿಗೆಗಳು ಒಂದೆರಡು ಮಿ.ಮೀ. ಇಳಿದು, ಒಳಗೆ ಕಿಟಕಿಯ ತಲೆಯ ಮೇಲೆ ಗಿಲಾವು ಒಡೆದಿದ್ದರೆ ಆ ತೊಲೆಯನ್ನು ನೋಡಬೇಕು.

ಅಡಿಪಾಯದ ದೋಷವಾದರೆ ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಓರೆಯಾಗಿ ಹತ್ತುತ್ತದೆ, ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದು. ಲಂಡನ್ನಿನ ಜೇಡಿಮಣ್ಣು ಬೇಸಗೆಯಲ್ಲಿ ಕುಗ್ಗಿ ಚಳಿಗಾಲದಲ್ಲಿ ಹಿಗ್ಗುತ್ತದೆ. ದೊಡ್ಡ ಮರಗಳ ಬೇರು ನೀರು ಹೀರಿದರೆ ಇನ್ನೂ ಹೆಚ್ಚು. 1976ರ ಬರಗಾಲದ ನಂತರ ಇಂಗ್ಲೆಂಡಿನ ವಿಮಾ ಕಂಪನಿಗಳಿಗೆ ಈ ಬಗೆಯ ದೂರುಗಳ ಸುರಿಮಳೆಯೇ ಬಂತು. ಅನುಮಾನವಿದ್ದರೆ ಬಿರುಕಿನ ಎರಡೂ ಬದಿಗೆ ಗುರುತು ಮೊಳೆ ಕೂರಿಸಿ, ತಿಂಗಳಿಗೊಮ್ಮೆಯಂತೆ ಒಂದು ವರ್ಷ ಅಳೆಯಿರಿ. ಅದಕ್ಕಿಂತ ಕಡಿಮೆ ಅವಧಿಯಲ್ಲಿ ಮಣ್ಣಿನ ಋತುಚಲನೆ ಯಾವುದು, ನಿಜವಾದ ಕುಸಿತ ಯಾವುದು ಎಂದು ತಿಳಿಯುವುದಿಲ್ಲ. ಬಿರುಕು 5 ಮಿ.ಮೀ. ಒಳಗಿದ್ದರೆ ಅದನ್ನು ನೋಟದ ದೋಷವೆಂದು ಎಣಿಸುವ ವಾಡಿಕೆ ಇದೆ. ಆ ಅಳತೆಯನ್ನು ಉಬ್ಬಿಗೆ ಹಚ್ಚಬೇಡಿ: ಇಸ್ಲಿಂಗ್ಟನ್ನಿನ ಗೋಡೆಯ ಮುಖದ ಮೇಲೆ 2 ಮಿ.ಮೀ. ಮೀರಿದ ಬಿರುಕು ಒಂದೂ ಇರಲಿಲ್ಲ.

ನೆಲಹಲಗೆ ಯಾವ ದಿಕ್ಕಿಗೆ?

ಗೋಡೆಯನ್ನು ಹಿಡಿದು ನಿಲ್ಲಿಸುವುದು ಮಹಡಿಗಳು. ಜಂತೆಗಳ ತುದಿ ಮುಂಗೋಡೆಯೊಳಗೆ ಕೂತಿದ್ದರೆ ಅಷ್ಟಾದರೂ ಹಿಡಿತವಿದೆ. ಜಂತೆಗಳು ಒಂದು ಪಕ್ಕದ ಗೋಡೆಯಿಂದ ಇನ್ನೊಂದಕ್ಕೆ, ಅಂದರೆ ಮುಂಗೋಡೆಗೆ ಸಮಾನಾಂತರವಾಗಿ ಹೋಗಿದ್ದರೆ ಮುಂಗೋಡೆಗೂ ಮಹಡಿಗೂ ಸಂಬಂಧವೇ ಇಲ್ಲ. ಹತ್ತು ಹನ್ನೆರಡು ಮೀಟರಿನ ಗೋಡೆ ಒಂಟಿಯಾಗಿ ನಿಂತಿರುತ್ತದೆ. ತಿಳಿಯುವುದು ಸುಲಭ: ಹಲಗೆಗಳು ಜಂತೆಗೆ ಅಡ್ಡವಾಗಿ ಹಾಸಿರುತ್ತವೆ. ನಮ್ಮ ದಂಪತಿಯ ಮನೆಯಲ್ಲಿ ಹಲಗೆಗಳು ಕಿಟಕಿಯಿಂದ ಹಿಂಬಾಗಿಲ ಕಡೆಗೆ ಉದ್ದಕ್ಕೆ ಓಡುತ್ತಿದ್ದವು. ಅಷ್ಟೇ ಸಾಕಾಯಿತು.

ಆದರೂ ಕಿಟಕಿಯ ಕೆಳಗಿನ ಮರದ ಹೊದಿಕೆಯ ಒಂದು ಫಲಕವನ್ನು ಬಡಗಿಯಿಂದ ಬಿಡಿಸಿದೆವು. ಹಿಂದೆ ಕೈಚಾಚಿದಾಗ ಅಣಬೆಯ ವಾಸನೆ. ಗೋಡೆಯಲ್ಲಿ ಹಾಸಿದ್ದ ಪಟ್ಟಿಯ ಮೇಲೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಇಳಿಯಿತು, ತಡೆಯೇ ಇಲ್ಲ. ಮರ ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಹಿಸುಕಿದರೆ ಕಾಫಿಪುಡಿಯಂತೆ ಉದುರುತ್ತಿತ್ತು. ಇಟ್ಟಿಗೆಯ ಮೇಲೆ ಬೂದುಬಣ್ಣದ ಎಳೆಗಳು ಹರಿದಾಡಿದ್ದವು. ಡ್ರೈ ರಾಟ್ ಎಂದು ಕರೆಯುವ ಶಿಲೀಂಧ್ರ ಇದು. ಹೆಸರಿನಲ್ಲಿ ಒಣ ಎಂದಿದ್ದರೂ ಮರದಲ್ಲಿ ತೇವ ಶೇ. 20ರ ಮೇಲೆ ಏರದೆ ಬೇರೂರುವುದಿಲ್ಲ. ಎಲ್ಲಾದರೂ ತುಕ್ಕಿನ ಬಣ್ಣದ ನಯವಾದ ಪುಡಿ ಬಿದ್ದಿದ್ದರೆ ಹತ್ತಿರದಲ್ಲೇ ಅದು ಹಣ್ಣಾಗಿ ಬೀಜಕಣ ಚೆಲ್ಲಿದೆ ಎಂದು ತಿಳಿಯಿರಿ.

ನೀರು ಬಂದ ದಾರಿ

ಇಲ್ಲಿ ನನಗೆ ಸಿಟ್ಟು ಬರುವ ಸಂಗತಿ ಇದೆ. ನಾನು ಹೋಗುವ ಎರಡು ವರ್ಷ ಮೊದಲು ಒಂದು ಕಂಪನಿಯವರು ಬಂದು, ನೆಲ ಅಂತಸ್ತಿನ ಗೋಡೆಗೆ ತೇವಮಾಪಕದ ಮುಳ್ಳು ಚುಚ್ಚಿ, ನೆಲದಿಂದ ತೇವ ಏರುತ್ತಿದೆ ಎಂದು ಹೇಳಿ, ಗೋಡೆಯ ಬುಡಕ್ಕೆ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬಿ ಹಣ ಪಡೆದು ಹೋಗಿದ್ದರು. ಆ ಮಾಪಕ ನಿಜವಾಗಿ ಅಳೆಯುವುದು ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು. ಮರದಲ್ಲಿ ಅದು ನಂಬಲರ್ಹ. ಶತಮಾನಗಟ್ಟಲೆ ಕಲ್ಲಿದ್ದಲ ಹೊಗೆ ಕುಡಿದು ಉಪ್ಪು ತುಂಬಿಕೊಂಡ ಇಟ್ಟಿಗೆಯಲ್ಲಿ, ಒಣಗಿದ್ದರೂ ಮುಳ್ಳು ಕೆಂಪಿಗೆ ಏರುತ್ತದೆ. ಎರಡನೆಯ ಮಹಡಿಯ ಮರ ಕುಂಬಾಗಿಸಿದ ನೀರು ನೆಲದಿಂದ ಹತ್ತಿ ಬಂದಿರಲು ಸಾಧ್ಯವೇ ಇಲ್ಲ. ಅದು ಬಂದದ್ದು ಮೇಲಿನಿಂದ.

1707ರ ಕಾಯಿದೆ ಮರದ ಸೂರುಪಟ್ಟಿಯನ್ನು ನಿಷೇಧಿಸಿದ ಮೇಲೆ ಲಂಡನ್ನಿನವರು ಮುಂಗೋಡೆಯನ್ನೇ ಚಾವಣಿಗಿಂತ ಎತ್ತರಕ್ಕೆ ಪ್ಯಾರಪೆಟ್ಟಾಗಿ ಏರಿಸಿದರು. ಚಾವಣಿಯ ನೀರು ಬೀದಿಗೆ ಬೀಳುವಂತಿಲ್ಲ. ಪ್ಯಾರಪೆಟ್ಟಿನ ಹಿಂದೆ ಸೀಸದ ಹಾಳೆ ಹೊದಿಸಿದ ದೋಣಿಯಲ್ಲಿ, ಅಂದರೆ ತೆರೆದ ನೀರುಗಾಲುವೆಯಲ್ಲಿ, ಕೂಡಿ, ಎಷ್ಟೋ ಮನೆಗಳಲ್ಲಿ ಅಟ್ಟದ ಒಳಗಿನಿಂದಲೇ ಹಿಂಬದಿಗೆ ಹಾಯುತ್ತದೆ. ಕೆಳಗಿನಿಂದ ಯಾರಿಗೂ ಕಾಣದ ಈ ದೋಣಿಯೇ ಮನೆಯ ಪ್ರಾಣ. ಅದು ಸೋರಿದರೆ ನೀರು ನೇರ ಮುಂಗೋಡೆಯ ತಲೆಗೆ ಇಳಿಯುತ್ತದೆ.

ಪರೀಕ್ಷೆಗೆ ಮಳೆ ಬೀಳುತ್ತಿರುವಾಗಲೇ ಅಟ್ಟ ಹತ್ತುವುದು ಉತ್ತಮ. ಮಳೆ ಸಿಗದಿದ್ದರೆ ಕೊಳವೆಯಿಂದ ನೀರು ಬಿಡಿ, ಆದರೆ ಕ್ರಮ ತಪ್ಪಬಾರದು: ಮೊದಲು ಕಿಟಕಿ ಹಲಗೆ, ಅರ್ಧ ಗಂಟೆ ಕಾದು ಗೋಡೆಯ ಮುಖ, ಮತ್ತೆ ಕಾದು ಪ್ಯಾರಪೆಟ್ಟಿನ ತಲೆಗಲ್ಲು, ಕೊನೆಗೆ ದೋಣಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಯಾವುದರದ್ದು ತಪ್ಪು ಎಂದು ತಿಳಿಯದು. ಆ ಮನೆಯಲ್ಲಿ ದೋಣಿಗೆ ನೀರು ಬಿಟ್ಟ ಹತ್ತನೆಯ ನಿಮಿಷಕ್ಕೆ ಫಲಕ ತೆಗೆದ ಜಾಗದಲ್ಲಿ ಇಟ್ಟಿಗೆ ಕಪ್ಪಾಗತೊಡಗಿತು. ಸೀಸದ ಹಾಳೆಯನ್ನು ನಡುವೆ ಮೆಟ್ಟಿಲು ಕೊಡದೆ ಅತಿ ಉದ್ದವಾಗಿ ಹಾಸಿದ್ದರು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ, ನಡುವೆ ಕೂದಲೆಳೆಯಂಥ ಸೀಳು ಬಿಟ್ಟಿತ್ತು. ಅದರ ಮೇಲೆ ಯಾರೋ ಡಾಂಬರಿನ ಪಟ್ಟಿ ಅಂಟಿಸಿದ್ದರು. ಪಟ್ಟಿಯ ಅಂಚು ಎದ್ದು, ನೀರನ್ನು ಸೀಳಿಗೇ ತಳ್ಳುತ್ತಿತ್ತು.

ಬಂದ ನೀರು ಒಣಗಿ ಹೋಗಿದ್ದರೂ ಇಷ್ಟು ಕೇಡಾಗುತ್ತಿರಲಿಲ್ಲ. ಸುಣ್ಣದ ಗಾರೆ ನೀರನ್ನು ಹೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಈ ಗೋಡೆಗೆ ಯಾವಾಗಲೋ ಸಿಮೆಂಟಿನಿಂದ ಸಂದು ತುಂಬಿದ್ದರು. ಪೋರ್ಟ್‌ಲೆಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಪೇಟೆಂಟ್ ಪಡೆದದ್ದೇ 1824ರಲ್ಲಿ. ಈ ಗೋಡೆ ಕಟ್ಟಿದವರಿಗೆ ಅದು ಗೊತ್ತಿರಲಿಲ್ಲ, ಗೋಡೆಗೆ ಅದು ಬೇಕಾಗಿಯೂ ಇರಲಿಲ್ಲ. ಸಿಮೆಂಟು ಇಟ್ಟಿಗೆಗಿಂತ ಗಟ್ಟಿ, ನೀರನ್ನು ಹೊರಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ನೀರು ಇಟ್ಟಿಗೆಯ ಮೈಯಿಂದಲೇ ಹೊರಬರಬೇಕು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿದರೆ ಇಟ್ಟಿಗೆಯ ಮುಖ ಚಕ್ಕೆಯೇಳುತ್ತದೆ. ಯಾವುದು ಎಂದು ತಿಳಿಯಲು ಮನೆಯ ಕೀಲಿಕೈ ಸಾಕು: ಕೆರೆದಾಗ ಸುಣ್ಣ ಪುಡಿಯಾಗುತ್ತದೆ, ಸಿಮೆಂಟಿನ ಮೇಲೆ ಕೀಲಿಯ ಗೀರು ಮಾತ್ರ ಉಳಿಯುತ್ತದೆ. ವಿನೆಗರ್ ಹಾಕಿ ನೊರೆ ನೋಡುವ ಉಪಾಯವನ್ನು ಕೆಲವರು ಹೇಳುತ್ತಾರೆ. ಹಳೆಯ ಸಿಮೆಂಟೂ ನೊರೆಯುವುದರಿಂದ ನಾನು ಅದನ್ನು ನಂಬುವುದಿಲ್ಲ.

ಸರಿಪಡಿಸುವ ಕ್ರಮ

ಇಂಗ್ಲೆಂಡಿನಲ್ಲಿ 1700ರಿಂದ 1850ರ ನಡುವೆ ಕಟ್ಟಿ, ಮೂಲ ರೂಪ ಉಳಿಸಿಕೊಂಡ ಹೆಚ್ಚಿನ ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. 1990ರ ಕಾಯಿದೆಯಂತೆ ಅನುಮತಿಯಿಲ್ಲದೆ ಅವುಗಳ ಸ್ವರೂಪ ಬದಲಿಸುವುದು ಕ್ರಿಮಿನಲ್ ಅಪರಾಧ. ಪಕ್ಕದ ಮನೆಯೊಂದಿಗೆ ಹಂಚಿಕೊಂಡ ಗೋಡೆಗೆ ಕೈ ಹಾಕುವುದಾದರೆ 1996ರ ಪಾರ್ಟಿ ವಾಲ್ ಕಾಯಿದೆಯಂತೆ ನೆರೆಯವರಿಗೆ ನೋಟಿಸು ಕೊಡಬೇಕು.

ಮೊದಲು ದೋಣಿ. ಗೋಡೆ ಎಷ್ಟೇ ಉಬ್ಬಿರಲಿ, ಕುಸಿಯುವ ಸ್ಥಿತಿಯಲ್ಲಿಲ್ಲದಿದ್ದರೆ, ನೀರು ನಿಲ್ಲಿಸದೆ ಬೇರೇನೂ ಮಾಡಬೇಡಿ. ಸೀಸವನ್ನು ಚಿಕ್ಕ ತುಂಡುಗಳಲ್ಲಿ, ನಡುವೆ ಮೆಟ್ಟಿಲು ಕೊಟ್ಟು ಹೊಸದಾಗಿ ಹಾಸಿಸಿದೆವು. ಆಮೇಲೆ ಒಣಗಲು ಬಿಡಬೇಕು. ತಿಂಗಳಿಗೆ ಒಂದು ಅಂಗುಲ ಎಂಬುದು ಕಸುಬಿನವರ ಅಂದಾಜು. ಒಂದೂವರೆ ಇಟ್ಟಿಗೆಯ ಗೋಡೆಗೆ ಒಂದು ವರ್ಷ. ಆ ವರ್ಷದಲ್ಲಿ ಸಿಮೆಂಟಿನ ಸಂದುಗಳನ್ನು ಕೈಯುಳಿಯಿಂದ ಬಿಡಿಸಿದರೆ ಒಣಗುವುದು ಬೇಗ. ತಿರುಗುವ ಗರಗಸ ಬೇಡ, ಅದು ಇಟ್ಟಿಗೆಯ ಅಂಚನ್ನು ಕಚ್ಚುತ್ತದೆ.

ಕುಂಬಾದ ಪಟ್ಟಿಯನ್ನು ಒಮ್ಮೆಗೇ ಎಳೆಯುವಂತಿಲ್ಲ. ಮೊಳದುದ್ದ ತೆಗೆದು, ಆ ಜಾಗಕ್ಕೆ ಸುಣ್ಣದ ಗಾರೆಯಲ್ಲಿ ಇಟ್ಟಿಗೆ ಬಿಗಿದು, ಗಟ್ಟಿಯಾದ ಮೇಲೆ ಮುಂದಿನದು. ನಂತರ ಗೋಡೆಯನ್ನು ಮಹಡಿಗೆ ಕಟ್ಟುವುದು: ಸ್ಟೇನ್‌ಲೆಸ್ ಉಕ್ಕಿನ ಪಟ್ಟಿಗಳನ್ನು ಮೂರು ನಾಲ್ಕು ಜಂತೆಗಳಿಗೆ ಅಡ್ಡ ಹಾಯಿಸಿ ಗೋಡೆಗೆ ಬಂಧಿಸಲಾಯಿತು. ಬಿಟ್ಟ ಸಿಪ್ಪೆಯನ್ನು ಹಿಂಬದಿಗೆ ಹೊಲಿಯಲು ಸಂದುಗಳ ಮೂಲಕ ತಿರುಚಿದ ತೆಳು ಉಕ್ಕಿನ ಸರಳುಗಳು. ಉಬ್ಬನ್ನು ಒಳಕ್ಕೆ ತಳ್ಳಲು ಹೋಗಲಿಲ್ಲ. ಗುತ್ತಿಗೆದಾರರೊಬ್ಬರು ಮುಂಗೋಡೆಯನ್ನೇ ಕಳಚಿ ಹೊಸದಾಗಿ ಕಟ್ಟೋಣ ಎಂದಿದ್ದರು. ನಾನು ಒಪ್ಪಲಿಲ್ಲ, ಮನೆಯವರೂ ಒಪ್ಪಲಿಲ್ಲ. ಡೊಂಕು ಡೊಂಕಾಗಿಯೇ ಇದೆ, ಆದರೆ ಈಗ ನಿಂತಿದೆ.

ಸಂದು ತುಂಬುವ ಸುಣ್ಣದ ಕೆಲಸಕ್ಕೆ ಮೇ ತಿಂಗಳವರೆಗೆ ಕಾದೆವು. ತಾಪಮಾನ 5 ಡಿಗ್ರಿಗಿಂತ ಕೆಳಗಿಳಿದರೆ ಸುಣ್ಣ ಹಿಡಿಯುವುದಿಲ್ಲ. ಗಾರೆಯಾತ ಅರಳಿದ ಸುಣ್ಣಕ್ಕೆ ಮರಳು ಕಲಸಿ ಕರಣೆಯಿಂದ ಮತ್ತೆ ಮತ್ತೆ ಬಡಿಯುತ್ತಿದ್ದುದನ್ನು ನೋಡಿ ಮನೆಯಾಕೆ, ತಮ್ಮ ಅಜ್ಜನ ಊರಿನಲ್ಲಿ ಗಾರೆ ಅರೆಯುತ್ತಿದ್ದ ಕಲ್ಲಿನ ಗಾಣ ಇನ್ನೂ ಹಿತ್ತಲಿನಲ್ಲಿ ಬಿದ್ದಿದೆ ಎಂದು ನೆನೆದರು. ತುಂಬಿದ ಸಂದಿಗೆ ಒದ್ದೆ ಗೋಣಿತಾಟು ಇಳಿಬಿಟ್ಟು ಒಂದು ವಾರ ತೇವ ಉಳಿಸಿದರು.

ಕಿಟಕಿ ಈಗ ಒಂದು ಬೆರಳಿಗೆ ಏಳುತ್ತದೆ. ಅದನ್ನು ಮೂರನೆಯ ಸಲ ಹೆರೆಯಲಿಲ್ಲ. ಎರಡು ಸಲ ಹೆರೆದದ್ದಕ್ಕೆ ತೆಳುಪಟ್ಟಿ ಅಂಟಿಸಿ ಮತ್ತೆ ದಪ್ಪ ಮಾಡಬೇಕಾಯಿತು. ಗೋಡೆಯ ಗುರುತು ಮೊಳೆಗಳನ್ನು ಹಾಗೇ ಬಿಟ್ಟಿದ್ದೇವೆ, ಆರು ತಿಂಗಳಿಗೊಮ್ಮೆ ಅಳತೆ. ಬೀದಿಯಲ್ಲಿರುವ ಪ್ಲೇನ್ ಮರಗಳ ಎಲೆ ಉದುರಿ ಮುಗಿಯುವುದು ಡಿಸೆಂಬರ್ ಮೊದಲ ವಾರಕ್ಕೆ. ಆ ವಾರದ ಒಂದು ದಿನವನ್ನು ದೋಣಿಯ ಎಲೆ ಗುಡಿಸಲೆಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ್ದೇನೆ.